ಕ್ರಿಯಾಪದ ಮಾತ್ರ ನೆನಪಿತ್ತು

"ಇನ್ನು ಮುಂದೆ ಈ ಮನೆಯಲ್ಲಿ ಒಂದೇ ಒಂದು ಕ್ರಿಯಾಪದವೂ ದಿಕ್ಕುದೆಸೆಯಿಲ್ಲದೆ ಅಲೆಯಕೂಡದು!" ಎಂದು ನಾನು ಘೋಷಿಸಿದಾಗ ನನ್ನಾಕೆ ಮೊಟ್ಟೆ ಒಡೆಯುತ್ತಿದ್ದಳು. ಘೋಷಣೆಯ ಗಾಂಭೀರ್ಯಕ್ಕೆ ಬೆಚ್ಚಿ ಒಂದು ಮೊಟ್ಟೆ ಅವಳ ಕೈತಪ್ಪಿ ನೆಲಕ್ಕೆ ಬಿತ್ತು. ನಾನು ಲೆಕ್ಕಿಸಲಿಲ್ಲ. ಮಹಾಕಾರ್ಯಕ್ಕೆ ಕೈಹಾಕಿದವನು ಒಂದು ಮೊಟ್ಟೆಗೆಲ್ಲ ಕೊರಗುತ್ತ ಕೂರುವುದುಂಟೆ?

ಕಾರ್ಯ ನಿಜಕ್ಕೂ ದೊಡ್ಡದೇ ಆಗಿತ್ತು. ನನ್ನಾಕೆ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ವಾರ್ಡಿನ ಮುಖ್ಯ ನರ್ಸಿನ ಜಾಗ ಖಾಲಿಯಾಗಿತ್ತು. ಅದು ಸಿಕ್ಕರೆ ರಾತ್ರಿ ಪಾಳಿ ತಪ್ಪುತ್ತದೆ, ಎಲ್ಲರಂತೆ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಆದರೆ ಹೊರಗಿನಿಂದ ಬರುವ ಡಾಕ್ಟರುಗಳೊಡನೆ ಮಾತಾಡಬೇಕಾದ್ದರಿಂದ ಮೊದಲು ಇಂಗ್ಲಿಷ್ ಪರೀಕ್ಷೆಯೊಂದನ್ನು ದಾಟಬೇಕು ಎಂದು ಆಸ್ಪತ್ರೆಯವರು ನಿಯಮ ಮಾಡಿದ್ದರು.

"ಸೂಜಿ ಚುಚ್ಚೋಕೆ ನಂಗೆ ಭಯ ಇಲ್ಲ ರೀ. ಈ ಹ್ಯಾಸ್ ಬೀನು, ಹ್ಯಾಡ್ ಬೀನು ಅಂದ್ರೆ ಕೈ ನಡುಗುತ್ತೆ" ಎಂದಳು.

"ನಾನಿರೋವಾಗ ಭಯ ಯಾಕೆ? ನಾನು ಯಾರು ಅಂತ ಮರೆತೆಯಾ?"

"ಮರೆಯೋಕೆ ಬಿಟ್ಟಿದ್ರೆ ತಾನೇ!"

ನಾನು ಯಾರೆಂದು ನಿಮಗೂ ಹೇಳಿಬಿಡಬೇಕು. ಮುದ್ರಣಾಲಯವೊಂದರಲ್ಲಿ ಪ್ರೂಫ್ ತಿದ್ದುವವನು ನಾನು. ಕನ್ನಡ, ಇಂಗ್ಲಿಷ್ ಎರಡರಲ್ಲೂ ನನ್ನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮ ಕೂಡ ನುಸುಳಲಾರದು. ಈ ವಿದ್ಯೆಯ ಗುಟ್ಟು ಬಹಳ ಸರಳ. ಪ್ರೂಫ್ ತಿದ್ದುವವನು ಅರ್ಥದ ತಂಟೆಗೆ ಹೋಗಬಾರದು. ಅರ್ಥದ ಬೆನ್ನುಹತ್ತಿದರೆ ಕಣ್ಣು ಮುಂದೆ ಓಡುತ್ತದೆ, ತಪ್ಪು ಹಿಂದೆ ಉಳಿಯುತ್ತದೆ. ನಾನೊಮ್ಮೆ ದಪ್ಪನೆಯ ಕಾದಂಬರಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿ ಕೊಟ್ಟೆ. ಅದರಲ್ಲಿ ನಾಯಕ ಸತ್ತನೋ ಬದುಕಿದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಪ್ರಾಣಸ್ನೇಹಿತನ ಮದುವೆ ಕಾಗದವನ್ನು ನಾನೇ ಎರಡು ಸಲ ತಿದ್ದಿದೆ. ಒಂದು ತಪ್ಪೂ ಇರಲಿಲ್ಲ. ಮದುವೆಗೆ ಮಾತ್ರ ಹೋಗಲಿಲ್ಲ. ಅವನು ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇರಲಿ, ದೊಡ್ಡ ವಿದ್ಯೆಗೆ ಇಂಥ ಸಣ್ಣಪುಟ್ಟ ನಷ್ಟ ಇದ್ದದ್ದೇ!

ಪಾಠಕ್ಕೆ ಎರಡು ನಿಯಮ ಹಾಕಿದೆ. ಒಂದು, ಪುಸ್ತಕದ ಸುಳ್ಳು ವಾಕ್ಯಗಳು ಬೇಡವೇ ಬೇಡ. ರಾಜ ಹುಲಿಯನ್ನು ಕೊಂದ, ರಾಜನಿಂದ ಹುಲಿ ಕೊಲ್ಲಲ್ಪಟ್ಟಿತು, ಇದರಿಂದ ನರ್ಸಿಗೇನು ಪ್ರಯೋಜನ? ಈ ಮನೆಯಲ್ಲಿ ನಿಜವಾಗಿ ಆದದ್ದು, ಆಗುತ್ತಿರುವುದು, ಆಗಲಿರುವುದನ್ನೇ ಹೇಳಬೇಕು. ಎರಡು, ಬೆಳಗ್ಗೆ ಎದ್ದಾಗಿನಿಂದ ಅವಳು ಹೊಸಿಲು ದಾಟುವವರೆಗೆ ಕನ್ನಡ ಬಂದ್. ಬಾಯಿತಪ್ಪಿ ಕನ್ನಡ ಆಡಿದರೆ ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂರುತ್ತಿದ್ದೆ.

"ಸಾರು ಉಕ್ಕಿದ್ರೂ ಇಂಗ್ಲಿಷಲ್ಲೇ ಹೇಳಬೇಕಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಸರಿಯಾದ ಕಾಲದಲ್ಲಿ ಹೇಳಿದ್ರೆ ನಾನೇ ಬಂದು ಇಳಿಸ್ತೀನಿ" ಎಂದು ಅಭಯ ಕೊಟ್ಟಿದ್ದೆ.

ಇಷ್ಟರ ನಡುವೆ ಮನೆಯಲ್ಲಿ ಇನ್ನೊಂದು ಚಿಂತೆ ಇತ್ತು. ನನ್ನ ಮಾವನ ಕಣ್ಣು. ಜೀವಮಾನವೆಲ್ಲ ಕೈಗಡಿಯಾರ ರಿಪೇರಿ ಮಾಡಿದವರು ಅವರು. ಈಗ ಎರಡು ಕಣ್ಣಿಗೂ ಪೊರೆ ಬಂದು, ಮನುಷ್ಯರು ಬರೀ ನೆರಳುಗಳಾಗಿ ಕಾಣುತ್ತಿದ್ದರು. ಮಗಳ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿಸೋಣವೆಂದರೆ ಇವತ್ತು ನಾಳೆ ಎನ್ನುತ್ತ ಮುಂದೂಡುತ್ತಲೇ ಇದ್ದರು. ಕೊನೆಗೆ ಒಂದು ಷರತ್ತು ಹಾಕಿದ್ದರು. "ಇಲ್ಲಿ ಊರಲ್ಲಿ ಪಕ್ಕದ ಅಂಗಡಿಯವನು ಗಾಡಿ ಹತ್ತಿಸ್ತಾನೆ. ಸ್ಟೇಷನ್ನಿಗೆ ಅಳಿಯಂದಿರು ಬಂದಿರಬೇಕು. ಯಾರೂ ಬರಲಿಲ್ಲ ಅಂದ್ರೆ ಅದೇ ಗಾಡೀಲಿ ವಾಪಸ್ ಬಂದುಬಿಡ್ತೀನಿ. ಆಮೇಲೆ ಯಾರೂ ನನ್ನ ಕರೀಬೇಡಿ." ಆಡಿದರೆ ಆಡಿದ ಹಾಗೆ ಮಾಡುವ ಮನುಷ್ಯ. ಮಗಳು ಫೋನಿನಲ್ಲಿ ಅತ್ತು ಕರೆದು ಗೋಗರೆಯುತ್ತಲೇ ಇದ್ದಳು.

ಪರೀಕ್ಷೆಯ ದಿನ ಬಂತು. ಅವಳು ಬೆಳಗ್ಗೆಯೇ ಡ್ಯೂಟಿಗೆ ಹೋಗಿ, ಮಧ್ಯಾಹ್ನ ಅಲ್ಲೇ ಪರೀಕ್ಷೆಗೆ ಕೂರಬೇಕಿತ್ತು. ನಾನು ಚಹಾದಲ್ಲಿ ಬ್ರೆಡ್ ಅದ್ದುತ್ತ ಮೇಜಿನೆದುರು ಕೂತೆ. ಅವಳು ಸಮವಸ್ತ್ರಕ್ಕೆ ಪಿನ್ ಚುಚ್ಚಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದಳು. ಎದುರುಮನೆಯ ಅಜ್ಜಿ ದಿನದಂತೆ ಮೆಟ್ಟಿಲ ಮೇಲೆ ಕೂತು, ತೆರೆದ ಬಾಗಿಲಿನಿಂದ ನಮ್ಮ ಪಾಠಕ್ಕೆ ಕಿವಿಗೊಟ್ಟಿದ್ದರು.

"ಪ್ಯಾಸಿವ್ ವಾಯ್ಸ್, ಸ್ಟಾರ್ಟ್!" ಎಂದೆ.

"ಯುವರ್ ಶೂಸ್ ಹ್ಯಾವ್ ಬೀನ್ ಗಿವನ್ ಫಾರ್ ರಿಪೇರ್" ಎಂದಳು.

"ಹ್ಯಾವ್ ಬೀನ್ ಗಿವನ್! ವೆರಿ ಗುಡ್!"

"ದಿ ವಾಟರ್ ಈಸ್ ಸ್ಟಾಪ್ ಆಫ್ಟರ್ ಸೆವೆನ್."

"ಛೆ! ವಿಲ್ ಬಿ ಸ್ಟಾಪ್ಡ್. ಮತ್ತೆ ಹೇಳು."

"ವಿಲ್ ಬಿ ಸ್ಟಾಪ್ಡ್" ಎಂದಳು, ಗಡಿಯಾರದ ಕಡೆಗೂ ನನ್ನ ಒಣ ತಲೆಯ ಕಡೆಗೂ ನೋಡುತ್ತ. ಆಮೇಲೆ ಉಸಿರು ಬಿಗಿಹಿಡಿದು ಇನ್ನೂ ಉದ್ದದ ವಾಕ್ಯಕ್ಕೆ ಕೈಹಾಕಿದಳು. "ದಿ ಟಿಫಿನ್ ಬಾಕ್ಸ್ ಹ್ಯಾಸ್ ಬೀನ್ ವಾಷ್ಡ್, ಬಟ್ ಇಟ್ ಹ್ಯಾಸ್ ನಾಟ್ ಬೀನ್ ಫಿಲ್ಡ್."

ನಾನು ಮೇಜು ಕುಟ್ಟಿದೆ. "ಭೇಷ್! 'ಬಟ್' ಹಾಕಿ ಎರಡನ್ನೂ ಜೋಡಿಸಿಬಿಟ್ಟೆಯಲ್ಲ! ವೆರಿ ವೆರಿ ಗುಡ್!"

ಅವಳು ನನ್ನ ಹತ್ತಿರ ಬಂದು ನಿಂತಳು. ಮುಖ ಅರಳಿತ್ತು, ಕಣ್ಣಲ್ಲಿ ನೀರಿತ್ತು. ತುಸು ನಡುಗುವ ದನಿಯಲ್ಲಿ, ಆದರೆ ಎಲ್ಲೂ ಎಡವದೆ ಹೇಳಿದಳು. "ಮೈ ಫಾದರ್ ಹ್ಯಾಸ್ ಅಗ್ರೀಡ್. ಹಿ ಈಸ್ ಕಮಿಂಗ್ ಟುಡೇ. ಹಿ ಮಸ್ಟ್ ಬಿ ಬ್ರಾಟ್ ಫ್ರಮ್ ದಿ ಸ್ಟೇಷನ್ ಅಟ್ ಥ್ರೀ."

ಬೆಳಗಿನ ಜಾವ ನಾನು ಗೊರಕೆ ಹೊಡೆಯುತ್ತಿದ್ದಾಗ ಮಾವ ಫೋನ್ ಮಾಡಿ ಒಪ್ಪಿಕೊಂಡಿದ್ದರು. ಆ ಸುದ್ದಿಯನ್ನು ನನ್ನಾಕೆ ನನ್ನದೇ ನಿಯಮಕ್ಕೆ ತಲೆಬಾಗಿ, ಕಣ್ಣೀರಿನೊಂದಿಗೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. ಈಗ ಬರೆಯುವಾಗ ಪೂರಾ ವಾಕ್ಯ ನನ್ನ ಕಿವಿಯಲ್ಲಿ ಮೊಳಗುತ್ತಿದೆ. ಆಗ ನನಗೆ ಕೇಳಿಸಿದ್ದು ಮಾತ್ರ 'ಮಸ್ಟ್ ಬಿ ಬ್ರಾಟ್'. ಎಂಥ ಅಚ್ಚುಕಟ್ಟು! ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವಳ ಕಣ್ಣೀರು ಪ್ಯಾಸಿವ್ ವಾಯ್ಸ್ ಒಲಿದ ಆನಂದಬಾಷ್ಪವೆಂದು ತಿಳಿದೆ.

"ಅಂಡರ್‌ಸ್ಟುಡ್?" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ಎವೆರಿಥಿಂಗ್ ಈಸ್ ಅಂಡರ್‌ಸ್ಟುಡ್!" ಎಂದು ನಾನೂ ಪ್ಯಾಸಿವ್ ವಾಯ್ಸಿನಲ್ಲೇ ಗರ್ಜಿಸಿದೆ.

ಅವಳು ನೆಮ್ಮದಿಯಿಂದ ಹೋದಳು. ನಾನು ಗುರುವಿನ ಗತ್ತಿನಲ್ಲಿ ಇನ್ನೊಂದು ಲೋಟ ಚಹಾ ಹೀರಿ, ಸಾವಕಾಶವಾಗಿ ಸ್ನಾನಕ್ಕೆ ಹೋದೆ. ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ಗೊರ್ರ್ ಎಂದು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬಕೆಟ್ಟಿನಲ್ಲಿ ಮುಖ ತೊಳೆಯುವಷ್ಟೂ ನೀರಿಲ್ಲ. ನೀರು ಬಿಡುವವರಿಗೆ ಬಾಯಿಗೆ ಬಂದಂತೆ ಬೈಯುತ್ತ ಟವೆಲ್ಲಿನಿಂದ ಒರೆಸಿಕೊಂಡೆ. ಸೋಪು ಒಣಗಿ ಮುಖದ ಚರ್ಮ ಬಿಗಿದುಕೊಂಡಿತು. ಅಂದು ಇಡೀ ದಿನ ನಾನು ಅಷ್ಟೊಂದು ಗಂಭೀರವಾಗಿದ್ದುದಕ್ಕೆ ಅದೂ ಒಂದು ಕಾರಣ.

ಹೊರಡೋಣವೆಂದರೆ ಶೂ ಇಲ್ಲ! ಮಂಚದ ಕೆಳಗೂ ಇಲ್ಲ, ಬಾಗಿಲ ಹಿಂದೆಯೂ ಇಲ್ಲ.

"ಅಜ್ಜೀ, ಮನೆಗೆ ಕಳ್ಳ ಬಂದಿದ್ದ! ಬೇರೇನೂ ಮುಟ್ಟಿಲ್ಲ, ನನ್ನ ಶೂ ಮಾತ್ರ ಹೊತ್ಕೊಂಡು ಹೋಗಿದಾನೆ!"

"ಅಯ್ಯೋ ಸುಮ್ನಿರಪ್ಪ. ನಿನ್ನ ಹೆಂಡ್ತಿ ಬೆಳಗ್ಗೆ ಶೂ ಅಂತ ಏನೋ ಅಂತಿದ್ಲಲ್ಲ?"

"ಅದು ಇಂಗ್ಲಿಷ್ ಪಾಠ ಅಜ್ಜಿ! ಅದಕ್ಕೂ ಶೂಗೂ ಸಂಬಂಧ ಇಲ್ಲ!" ಎಂದು ಅವರ ಅಜ್ಞಾನಕ್ಕೆ ಮರುಗುತ್ತ, ಬಚ್ಚಲಿನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮುದ್ರಣಾಲಯದಲ್ಲಿ ಯಜಮಾನರು ಯಾರೋ ದೊಡ್ಡ ಗಿರಾಕಿಗಳನ್ನು ಕೂರಿಸಿಕೊಂಡು, "ನಮ್ಮಲ್ಲಿ ಎಲ್ಲ ಅಚ್ಚುಕಟ್ಟು" ಎನ್ನುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ನಾನು ಪಚಕ್ ಪಚಕ್ ಎಂದು ಒಳಬಂದೆ. ಎಲ್ಲರ ಕಣ್ಣೂ ನನ್ನ ಪಾದಕ್ಕಿಳಿಯಿತು.

"ಏನ್ರೀ ಇದು ವೇಷ?"

"ಕಾಲಿಗೆ ಗಾಯ ಆಗಿದೆ ಸಾರ್" ಎಂದುಬಿಟ್ಟೆ. ಹೇಳಿದ ಮೇಲೆ ಕುಂಟಲೇಬೇಕಲ್ಲ! ಮಧ್ಯಾಹ್ನದವರೆಗೆ ಕುಂಟಿದೆ. ಯಾವ ಕಾಲೆಂದು ನಡುವೆ ಮರೆತು, ಎರಡೂ ಕಾಲನ್ನು ಸರದಿಯ ಮೇಲೆ ಕುಂಟಿಸಿದೆ.

ಊಟದ ಹೊತ್ತಾಯಿತು. ಹಸಿವು ಹೊಟ್ಟೆಯಲ್ಲಿ ಗುದ್ದುತ್ತಿತ್ತು. ಟಿಫಿನ್ ಬಾಕ್ಸಿನ ಮುಚ್ಚಳ ತೆಗೆದೆ. ಒಳಗೆ ಏನೂ ಇಲ್ಲ. ಥಳಥಳ ಹೊಳೆಯುವ ತಳದಲ್ಲಿ ಸೋಪು ಒಣಗಿದ ನನ್ನ ಮುಖ ನನ್ನನ್ನೇ ನೋಡುತ್ತಿತ್ತು. ಅದನ್ನು ನೋಡುತ್ತಿದ್ದಂತೆ ತಲೆಯೊಳಗೆ ನನ್ನಾಕೆಯ ದನಿ ಕೇಳಿತು. ಹ್ಯಾಸ್ ಬೀನ್ ವಾಷ್ಡ್. ಹ್ಯಾಸ್ ನಾಟ್ ಬೀನ್ ಫಿಲ್ಡ್.

ತೊಳೆದಿದೆ, ತುಂಬಿಲ್ಲ. ನೀರು ನಿಲ್ಲುತ್ತದೆ. ಶೂ ರಿಪೇರಿಗೆ ಹೋಗಿದೆ. ಅಯ್ಯಯ್ಯೋ, ಅವು ಅಭ್ಯಾಸದ ವಾಕ್ಯಗಳಾಗಿರಲಿಲ್ಲ, ಸಮಾಚಾರಗಳಾಗಿದ್ದವು! ನಿಜವನ್ನೇ ಹೇಳು ಎಂದವನು ನಾನೇ. ಅವಳು ಒಂದೊಂದಾಗಿ ನಿಜ ಹೇಳಿದ್ದಳು, ನಾನು ಒಂದೊಂದಕ್ಕೂ ವೆರಿ ಗುಡ್ ಕೊಟ್ಟು ಕಳಿಸಿದ್ದೆ!

ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಕೊನೆಯಲ್ಲಿ ಇನ್ನೂ ಒಂದು ವಾಕ್ಯವಿತ್ತು. ಎದ್ದು ನಿಂತು ಚಪ್ಪಾಳೆ ತಟ್ಟಿದ ವಾಕ್ಯ. ಮಸ್ಟ್ ಬಿ ಬ್ರಾಟ್! ತರಲೇಬೇಕು. ಆದರೆ ಏನನ್ನು? ಎಲ್ಲಿಂದ? ಕ್ರಿಯಾಪದ ಲಕಲಕ ಹೊಳೆಯುತ್ತಿದೆ, ಅದರ ಹಿಂದುಮುಂದು ಬರೀ ಕತ್ತಲೆ. ನನ್ನಾಕೆಗೆ ಫೋನ್ ಮಾಡಿದೆ. ಪರೀಕ್ಷೆಯ ಕೋಣೆಗೆ ಹೋಗುವ ಮುಂಚೆಯೇ ಅದನ್ನು ಆರಿಸಿದ್ದಳು.

ನಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹುಡುಗಿಯ ಹತ್ತಿರ ಸಂಕಟ ತೋಡಿಕೊಂಡೆ.

"ಏನನ್ನ ತರಬೇಕಂತೆ ಸಾರ್?"

"ಅದೇ ಗೊತ್ತಿಲ್ಲಮ್ಮ. ತರಲೇಬೇಕು ಅನ್ನೋದು ಮಾತ್ರ ಖಚಿತ."

ಅವಳು ಸ್ವಲ್ಪ ಯೋಚಿಸಿ ಹೇಳಿದಳು. "ಹಾಗಿದ್ರೆ ಒಂದು ಪೊರಕೆ ತಗೊಂಡು ಹೋಗಿ ಸಾರ್. ಅದು ಯಾರ ಮನೇಲೂ ಬೇಡ ಅನ್ನಿಸಿಕೊಳ್ಳಲ್ಲ."

ಯಜಮಾನರು ನನ್ನ ಕಾಲಿನ ಮೇಲೆ ಕನಿಕರಪಟ್ಟು ಅರ್ಧ ದಿನ ರಜೆ ಕೊಟ್ಟರು. ಕುಂಟುತ್ತಲೇ ಹೊರಬಿದ್ದು, ಬೀದಿಯ ತಿರುವಿನಾಚೆ ನಿಲ್ಲಿಸಿದ್ದ ಸ್ಕೂಟರ್ ತಲುಪಿದ ಮೇಲೆ ನೆಟ್ಟಗಾದೆ. ಬಲ್ಬು ತಂದೆ, ಬ್ರೆಡ್ ತಂದೆ, ಉದ್ದನೆಯ ಹಿಡಿಯ ಪೊರಕೆ ತಂದೆ. ಯಾವುದನ್ನು ಮುಟ್ಟಿದರೂ ಇದಲ್ಲ, ಇದಲ್ಲ ಎಂದು ಮನಸ್ಸು ಹೇಳುತ್ತಿತ್ತು. ಅವಳ ಒದ್ದೆ ಕಣ್ಣು ನೆನಪಿಗೆ ಬರುತ್ತಿತ್ತು. ಬಲ್ಬಿಗಾಗಿ ಯಾರಾದರೂ ಅಳುತ್ತಾರೆಯೆ?

ಮನೆ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಅಜ್ಜಿ ಮೆಟ್ಟಿಲ ಮೇಲೆಯೇ ಇದ್ದರು.

"ಅಜ್ಜೀ, ಬೆಳಗ್ಗೆ ನಮ್ಮ ಪಾಠ ಕೇಳಿಸಿಕೊಂಡ್ರಲ್ಲ, ಕಡೇಲಿ ಇವಳು ಏನೋ ತರಬೇಕು ಅಂದ್ಲು. ನೆನಪಿದೆಯಾ?"

"ನಂಗೆ ಇಂಗ್ಲಿಷ್ ಎಲ್ಲಿ ಬರುತ್ತಪ್ಪ! ಫಾದರ್ ಅಂದ್ಲು. ಸ್ಟೇಷನ್ ಅಂದ್ಲು. ತ್ರೀ ಅಂದ್ಲು. ಪಾಪ, ಕಣ್ಣಲ್ಲಿ ನೀರು ತುಂಬ್ಕೊಂಡಿದ್ಲು. ನೀನು ಚಪ್ಪಾಳೆ ತಟ್ಟಿದೆ. ಇದ್ಯಾಕೆ ಹೀಗಾಡ್ತಾನೆ ಅಂದ್ಕೊಂಡೆ."

ನನ್ನ ಹತ್ತಿರ ಕ್ರಿಯಾಪದವಿತ್ತು, ಅಜ್ಜಿಯ ಹತ್ತಿರ ಉಳಿದದ್ದೆಲ್ಲ ಇತ್ತು. ಎರಡೂ ಸೇರಿ ವಾಕ್ಯ ಪೂರ್ತಿಯಾದಾಗ ಗಂಟೆ ಮೂರೂವರೆ ದಾಟಿತ್ತು. ಮಾವ ಬಂದ ಗಾಡಿ ನಾಲ್ಕಕ್ಕೆ ವಾಪಸ್ ಹೊರಡುತ್ತದೆ. ಅದರಲ್ಲಿ ಅವರು ಹೋದರೆ ಮತ್ತೆ ಬರುವುದಿಲ್ಲ. ಆ ಕಣ್ಣುಗಳು ಹಾಗೆಯೇ ಆರಿಹೋಗುತ್ತವೆ, ನನ್ನಾಕೆಯ ಮುಖವನ್ನು ನಾನು ಇನ್ನು ಹೇಗೆ ನೋಡಲಿ? ಬ್ರೆಡ್ಡು ಬಲ್ಬನ್ನು ಅಜ್ಜಿಯ ಮಡಿಲಿಗೆ ಹಾಕಿ ಸ್ಕೂಟರ್ ತಿರುಗಿಸಿದೆ. ಕಾಲುಗಳ ನಡುವೆ ಸಿಕ್ಕಿಸಿದ್ದ ಪೊರಕೆಯನ್ನು ಇಳಿಸುವುದು ಮರೆತೇಹೋಯಿತು.

ಸ್ಟೇಷನ್ನಿನಲ್ಲಿ ಅದನ್ನು ಎಲ್ಲಿ ಬಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದು ಓಡಿದೆ. ಗಾಡಿ ಇನ್ನೂ ನಿಂತಿತ್ತು. ಅದರ ಬಾಗಿಲಿನೆದುರಿನ ಬೆಂಚಿನ ಮೇಲೆ ಮಾವ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಚೀಲ, ಗಾಡಿಯ ಸದ್ದಿನ ಕಡೆಗೆ ವಾಲಿದ ಕಿವಿ. ನಾನು ಏದುಸಿರು ಬಿಡುತ್ತ ಮುಂದೆ ಬಂದು ನಿಂತೆ. ಮಾವ ಕಣ್ಣು ಕಿರಿದು ಮಾಡಿ ನನ್ನ ನೆರಳನ್ನೂ ಪೊರಕೆಯ ನೆರಳನ್ನೂ ನೋಡಿದರು. ಆಮೇಲೆ ಮರ್ಯಾದೆಯಿಂದ ಎರಡೂ ಕಾಲು ಮೇಲೆತ್ತಿದರು.

"ಗುಡಿಸಪ್ಪ, ಗುಡಿಸು."

ನಾನು ಪೊರಕೆ ಹಿಡಿದು ಬೆಂಚಿಗೆ ಇನ್ನಷ್ಟು ಹತ್ತಿರ ಸರಿದೆ.

"ಇಲ್ಲಿಂದ ಏಳು ಅನ್ನಬೇಡ ಮಾರಾಯ. ನನ್ನ ಅಳಿಯ ಬರ್ತಾನೆ. ಮಗಳು ಹೇಳಿದಾಳೆ" ಎಂದರು ಮಾವ. "ಸ್ವಲ್ಪ ತಡ ಆಗಿದೆ ಅಷ್ಟೆ. ಗಾಡಿ ಹೊರಡೋ ತನಕ ನೋಡ್ತೀನಿ. ಅವನು ಪ್ರೂಫ್ ತಿದ್ದೋನು, ಗೊತ್ತಾ? ಒಂದು ಚುಕ್ಕೆ ತಪ್ಪಿದ್ರೂ ಬಿಡೋನಲ್ಲ. ಅಂಥೋನು ನನ್ನ ಬಿಟ್ಟುಬಿಡ್ತಾನಾ?"

ಏನು ಮಾಡಬೇಕೆಂದು ತಿಳಿಯದೆ ಗುಡಿಸತೊಡಗಿದೆ. ನಿಜವಾಗಿ ಗುಡಿಸಿದೆ, ಬೆಂಚಿನ ಅಡಿಯವರೆಗೆ ಬಗ್ಗಿ.

ಮಾವ ದನಿ ತಗ್ಗಿಸಿದರು. "ನಿಂಗೆ ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ನಂಗೆ ಭಯ ಕಣಪ್ಪ. ಕಣ್ಣಿಗೆ ಕತ್ತರಿ ಹಾಕ್ತಾರಲ್ಲ, ಅದಕ್ಕೆ. ಮಗಳ ಮುಂದೆ ಹೇಗೆ ಹೇಳಲಿ? ಅವಳು ದಿನಾ ಅಂಥವರನ್ನೇ ನೋಡೋಳು, ನಗ್ತಾಳೆ. ಅದಕ್ಕೇ ಇಷ್ಟು ದಿನ ಏನೇನೋ ನೆಪ ಹೇಳಿದೆ. ಅಳಿಯ ಬರದಿದ್ರೆ ಒಳ್ಳೇದಾಯ್ತು ಅಂತಾನೂ ಅನ್ನಿಸ್ತಿದೆ, ಬರಲಿ ಅಂತಾನೂ ಅನ್ನಿಸ್ತಿದೆ."

ಅಂದು ಬೆಳಗಿನಿಂದ ನಾನು ಅರ್ಥಕ್ಕಾಗಿ ಕೇಳಿದ ಮೊದಲನೆಯ ಮಾತು ಅದು. ಅದರ ವ್ಯಾಕರಣ ಹೇಗಿತ್ತೋ ನನಗೆ ನೆನಪಿಲ್ಲ. ಪೊರಕೆಯನ್ನು ಕೆಳಗಿಟ್ಟು ಅವರ ಕೈ ಹಿಡಿದುಕೊಂಡೆ. "ಮಾವ, ನಾನೇ" ಎಂದೆ.

ಮಾವ ಕಾಲುಗಳನ್ನು ಮೆಲ್ಲಗೆ ಕೆಳಗಿಳಿಸಿದರು. ಬಹಳ ಹೊತ್ತು ನನ್ನ ಕಡೆಗೇ ನೋಡಿದರು. ಕೊನೆಗೆ ಅಪಾರ ಕನಿಕರದಿಂದ ಕೇಳಿದರು. "ಯಾವಾಗಿಂದ ಈ ಕೆಲಸ, ಅಳಿಯಂದಿರೇ? ಪ್ರೆಸ್ಸಿನವರು ತೆಗೆದುಬಿಟ್ರಾ? ಮಗಳು ಒಂದು ಮಾತೂ ಹೇಳಲಿಲ್ಲವಲ್ಲ!"

ಗಾಡಿ ಕೂಗಿತು, ಕದಲಿತು, ಹೊರಟುಹೋಯಿತು. ನಾವಿಬ್ಬರೂ ಬೆಂಚಿನ ಮೇಲೆಯೇ ಇದ್ದೆವು. ಆಮೇಲೆ ಸ್ಕೂಟರಿನಲ್ಲಿ ಮಾವ ಹಿಂದೆ ಕೂತು, ಪೊರಕೆಯನ್ನು ಬಾವುಟದಂತೆ ನೆಟ್ಟಗೆ ಹಿಡಿದು, ಊರಿನ ಮುಖ್ಯ ಬೀದಿಗಳಲ್ಲಿ ನನ್ನ ಮೆರವಣಿಗೆ ಮಾಡಿಸಿದರು. ಮುದ್ರಣಾಲಯದ ಮುಂದೆ ಹೋಗುವಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಕುಂಟುವುದನ್ನು ಸ್ಕೂಟರಿನ ಮೇಲೆ ಹೇಗೆ ತೋರಿಸುವುದೆಂದು ನನಗೆ ಹೊಳೆಯಲಿಲ್ಲ.

ಸಂಜೆ ನನ್ನಾಕೆ ಓಡುತ್ತ ಬಂದಳು. ಅಪ್ಪ ಕುರ್ಚಿಯಲ್ಲಿ ಕೂತಿದ್ದನ್ನು ಕಂಡು ಬಾಗಿಲಲ್ಲೇ ಒಂದು ಕ್ಷಣ ನಿಂತಳು.

"ಬಂದ್ಯಾ ಅಪ್ಪಾ! ಇವರು ಸರಿಯಾದ ಟೈಮಿಗೆ ಬಂದ್ರಾ?"

"ಗಾಡಿ ಹೊರಡೋಕೆ ಮುಂಚೇನೇ ಬಂದ್ರಮ್ಮ" ಎಂದರು ಮಾವ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಗಡಿಯಾರ ರಿಪೇರಿ ಮಾಡಿದವರು ಹೊತ್ತಿನ ವಿಷಯದಲ್ಲಿ ಇಷ್ಟು ಉದಾರಿಗಳಾಗಿರಬಲ್ಲರೆಂದು ನನಗೆ ತಿಳಿದಿರಲಿಲ್ಲ.

"ಪರೀಕ್ಷೆ ಏನಾಯ್ತು?" ಎಂದು ಕೇಳಿದೆ.

"ಆಯ್ತು ರೀ. ಜಾಗ ನಂಗೇ ಅಂತೆ. ಆದ್ರೆ ಟೆನ್ಸೂ ಇಲ್ಲ, ವಾಯ್ಸೂ ಇಲ್ಲ. ಒಬ್ಬರು ರೋಗಿ ಇಂಗ್ಲಿಷಲ್ಲಿ ಕಷ್ಟ ಹೇಳ್ಕೊಂಡ್ರು. ತಪ್ಪುತಪ್ಪಾಗೇ ಹೇಳಿದ್ರು. ಅವರಿಗೆ ಏನಾಗಿದೆ, ಏನು ಬೇಕು ಅಂತ ಪರೀಕ್ಷೆ ಮಾಡೋರು ನನ್ನ ಕೇಳಿದ್ರು. ಕೇಳಿಸ್ಕೊಂಡಿದ್ದನ್ನ ಹೇಳಿದೆ, ಅಷ್ಟೆ."

"ಅಷ್ಟೇನಾ?"

"ಅಷ್ಟೇ. ನೀವಾಗಿದ್ರೆ ಆ ರೋಗಿಗೆ ವೆರಿ ಗುಡ್ ಅಂದು ಕಳಿಸಿಬಿಡ್ತಿದ್ರಿ."

ಎದುರುಮನೆಯ ಅಜ್ಜಿ ಬ್ರೆಡ್ಡು, ಬಲ್ಬಿನ ಜೊತೆಗೆ ಇಡೀ ಕಥೆಯನ್ನೂ ಅವಳು ಮನೆಯೊಳಗೆ ಕಾಲಿಡುವ ಮುಂಚೆಯೇ ಒಪ್ಪಿಸಿದ್ದರು! ಆಮೇಲೆ ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಾಗ, "ಅಪ್ಪನಿಗೆ ಆಪರೇಷನ್ ಅಂದ್ರೆ ಭಯ ಕಣೇ. ನೀನು ನಗ್ತೀಯಾ ಅಂತ ಬಾಯಿಬಿಟ್ಟಿಲ್ಲ" ಎಂದೆ. ಅವಳು ಕೈಯಲ್ಲಿದ್ದ ಸೌಟನ್ನು ಇಟ್ಟು ನನ್ನನ್ನೇ ನೋಡಿದಳು. ಹೋಗಿ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಕಣ್ಣಿಗೆ ಏನೇನು ಮಾಡುತ್ತಾರೆಂದು ಒಂದೊಂದಾಗಿ ಕನ್ನಡದಲ್ಲಿ ಹೇಳತೊಡಗಿದಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

ಮರುದಿನ ಬೆಳಗ್ಗೆ ಆಪರೇಷನ್ನಿಗೆ ಹೊರಡುವ ಗಡಿಬಿಡಿ. ಮಾವ ಸಿದ್ಧರಾಗಿ ಕುರ್ಚಿಯಲ್ಲಿ ಕೂತಿದ್ದರು. ನಾನು ಚಹಾದಲ್ಲಿ ಬ್ರೆಡ್ ಅದ್ದುತ್ತಿದ್ದೆ. ಒಳಗಿನಿಂದ ನನ್ನಾಕೆ ಅಪ್ಪಟ ಕನ್ನಡದಲ್ಲಿ ಕೂಗಿ ಹೇಳಿದಳು.

"ರೀ, ಮನೆ ಇನ್ನೂ ಗುಡಿಸಿಲ್ಲ!"

"ವೆರಿ ಗುಡ್!" ಎಂಬುದು ನನ್ನ ಬಾಯಿಂದ ಜಾರಿಹೋಯಿತು.

ಒಳಗೆ ಪಾತ್ರೆಗಳ ಸದ್ದು ನಿಂತಿತು. ನಾನು ಎದ್ದುಹೋಗಿ ಮೂಲೆಯಿಂದ ಹೊಸ ಪೊರಕೆ ತಂದೆ. ಅದರ ಸದ್ದು ಕೇಳಿದ್ದೇ ತಡ, ಮಾವ ಎರಡೂ ಕಾಲು ಮೇಲೆತ್ತಿಕೊಂಡು, ಎಳ್ಳಷ್ಟೂ ನಗದೆ ಹೇಳಿದರು.

"ಗುಡಿಸಿ ಅಳಿಯಂದಿರೇ, ಗುಡಿಸಿ. ಇವತ್ತು ಟೈಮಿಗೆ ಸರಿಯಾಗಿ ಬಂದಿದೀರಿ."